ಅಜ್ಜಿ ಸುತ್ತು

ಗೇಟು ತೆರೆಯುವುದು ಹತ್ತು ಗಂಟೆಗೆ. ಅದಕ್ಕೂ ಮೊದಲು, ಒಂಬತ್ತರ ಸುಮಾರಿಗೆ, ಅವರು ಅಜ್ಜಿಯಾಗುತ್ತಿದ್ದರು.

ವೇಷವೇನೂ ಇಲ್ಲ. ಅದೇ ಖಾಕಿ ಪ್ಯಾಂಟು, ಗ್ರೀಸ್ ಹಿಡಿದ ಅದೇ ಅಂಗಿ. ಎಡಗೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ದೊಡ್ಡ ನೀರಿನ ಬಾಟಲಿ, ಟವೆಲು, ಊಟದ ಡಬ್ಬಿ. ಮೊಮ್ಮಕ್ಕಳ ಸಾಮಾನು ಹೊತ್ತು ಬರುವ ಅಜ್ಜಿಯ ಕೈಯಲ್ಲಿ ಎಷ್ಟು ಭಾರ ಇರುತ್ತದೋ ಅಷ್ಟು. ಬಲಗೈ ಮಂಡಿಯ ಮೇಲೆ. ಗೇಟಿನ ಹೊರಗಿನಿಂದ ಹೊರಟು, ಟಿಕೆಟ್ ಕಿಟಕಿಯೆದುರು ಸಾಲಿನಲ್ಲಿ ನಿಂತವರಂತೆ ಸ್ವಲ್ಪ ಹೊತ್ತು ನಿಂತು, ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಪಾರ್ಕನ್ನು ಪೂರ್ತಿ ಒಂದು ಸುತ್ತು ಹಾಕುವರು. ಕಂಡ ಬೆಂಚಿನ ಮೇಲೆಲ್ಲ ಕೂರುವರು. ಕೂತಲ್ಲಿಂದ ಏಳುವಾಗ ಹಿಡಿದುಕೊಳ್ಳಲು ಏನಾದರೂ ಇದೆಯೇ ಎಂದು ಕೈ ಚಾಚಿ ನೋಡುವರು. ಶೌಚಾಲಯದ ಬಾಗಿಲ ಚಿಲಕವನ್ನು ಎಡಗೈಯಲ್ಲಿ ಹಾಕಿ ತೆಗೆಯುವರು, ಬಲಗೈಯಲ್ಲಿ ಮಗು ಇದ್ದರೆ ಎಡಗೈಯೇ ಗತಿ ಎಂದು.

ಅವರ ಹಿಂದೆ ನೋಟ್‌ಬುಕ್ಕು ಹಿಡಿದು ನಡೆಯುವವಳು ನಾನು.

“ಬರ್ಕಳಿ ಅಕ್ಕೋರೆ. ಮೂರನೇ ಬೆಂಚು. ಒಂಬತ್ತೂಕಾಲಕ್ಕೇ ಕುಂಡೆ ಸುಡ್ತದೆ. ಹನ್ನೊಂದಕ್ಕೆ ಎಂತ ಗತಿ?”

ನಾನು ಬರೆದುಕೊಳ್ಳುತ್ತಿದ್ದೆ. ಕುಂಡೆ ಎಂಬ ಶಬ್ದ ಬಿಟ್ಟು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಪಾರ್ಕಿನ ಹೆಸರೂ ಬೇಡ. ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವಾಗ, ಮಾವಳ್ಳಿಯಿಂದ ಸ್ವಲ್ಪ ದೂರ, ಹೆದ್ದಾರಿಗೆ ತಾಗಿ ಒಂದು ಜಾಯಿಂಟ್ ವೀಲು ಕಾಣುತ್ತದೆ. ದೊಡ್ಡದೇನಲ್ಲ, ಹದಿನಾಲ್ಕು ತೊಟ್ಟಿಲಿನದು. ಅದರ ಬುಡದಲ್ಲಿ ಹನ್ನೊಂದು ವರ್ಷ ನಿಂತಿದ್ದವರು ಅವರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಮೊದಲು ಅವರು ಹೊನ್ನಾವರದ ಬಂದರಿನಲ್ಲಿ ಮೀನುದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಓದಿದ್ದು ನಾಲ್ಕನೇ ಇಯತ್ತೆ. ನಿಧಾನವಾಗಿ ಓದಬಲ್ಲರು, ಬರೆಯುವುದು ಸಹಿ ಮಾತ್ರ. ದೋಣಿಯ ಕೆಲಸದಿಂದ ಅವರು ತಂದ ಒಂದು ಅಭ್ಯಾಸವೆಂದರೆ ಉದ್ದ ಸ್ಕ್ರೂಡ್ರೈವರು. ಅದರ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುವರು. ವೀಲು ಖಾಲಿ ತಿರುಗುತ್ತಿರುವಾಗ ಆ ಕಬ್ಬಿಣದ ಕಡ್ಡಿಯೊಳಗಿಂದ ಅವರಿಗೆ ಏನೇನೋ ಕೇಳುತ್ತಿತ್ತು. ನಾನೂ ಒಮ್ಮೆ ಕಿವಿ ಕೊಟ್ಟೆ. ನನಗೆ ಕೇಳಿದ್ದು ಬರೀ ಗುರ್ ಎಂಬ ಸದ್ದು.

ನಾನು ಅಲ್ಲಿಗೆ ಮ್ಯಾನೇಜರಾಗಿ ಬಂದವಳು. ಆ ಮಾತನ್ನು ಇಂದಿಗೂ ಸಲೀಸಾಗಿ ಹೇಳಲು ನನಗೆ ಬರುವುದಿಲ್ಲ, ಸ್ವಲ್ಪ ಎದೆ ಉಬ್ಬಿಯೇ ಹೇಳುತ್ತೇನೆ. ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ಬದಿಗೆ. ಅಮ್ಮ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬಿಡಿಸಿ ಮಾರುವವಳು. ಅಪ್ಪ ಚಿರೆಕಲ್ಲು ಗಣಿಯಲ್ಲಿ ಲಾರಿ ತುಂಬುವವರು. ನಮ್ಮ ಕುಟುಂಬದಲ್ಲಿ ಬಿ.ಕಾಂ. ಮುಗಿಸಿದವಳು ನಾನೇ ಮೊದಲು. ಕುಮಟಾದ ಕಾಲೇಜಿಗೆ ಹೋಗುವಾಗ ಕೈಗೆ ಎಷ್ಟು ಸಾಬೂನು ಹಚ್ಚಿದರೂ ಬಳಚಿನ ವಾಸನೆ ಹೋಗುತ್ತಿರಲಿಲ್ಲ. ಮುಂದಿನ ಬೆಂಚಿನವರು ತಿರುಗಿ ನೋಡುವರು. ನನ್ನ ಪದವಿ ಪತ್ರ ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕ ಅದೇ ಅಳತೆಯ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಅಮ್ಮ ಎರಡಕ್ಕೂ ಹೂ ಇಡುತ್ತಾಳೆ.

ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನನ್ನು ಅಕ್ಕೋರೆ ಎಂದು ಕರೆದರು. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವ ಮಾತು ಅದು. ಅವರಿಗೆ ಮಗಳಾಗುವಷ್ಟು ವಯಸ್ಸಿನವಳು ನಾನು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಖುಷಿಯಾಗಿತ್ತು.

ಅಜ್ಜಿ ಸುತ್ತು ವಾರದಲ್ಲಿ ಮೂರು ದಿನ. ಉಳಿದ ದಿನಗಳಲ್ಲಿ ಅವರು ಬೇರೆ ಯಾರೋ ಆಗುವರು. ಮಗುವಾದ ದಿನ ಕುಕ್ಕರುಗಾಲಲ್ಲಿ ಕೂತು ಕೂತು ಮುಂದೆ ಸರಿಯುವರು, ಮೂರು ವರ್ಷದ ಕಣ್ಣಿಗೆ ಬೇಲಿಯ ಎಲ್ಲೆಲ್ಲಿ ಸಂದು ಕಾಣುತ್ತದೆ ಎಂದು ನೋಡಲು. ಬಾಣಂತಿಯಾದ ದಿನ ವೀಲಿನ ತೂಕ ನೋಡಲು ಇಟ್ಟ ಮರಳಿನ ಚೀಲಗಳಲ್ಲಿ ಒಂದು ಸಣ್ಣದನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ನಡೆಯುವರು. ಟಿಕೆಟ್ ಕೊಡುವ ಹುಡುಗಿಯರು ನಗುತ್ತಿದ್ದರು. “ಎಂತ ಮಗು, ಗಂಡಾ ಹೆಣ್ಣಾ?” ಎಂದು ಕೇಳಿದರೆ ಅವರು ಗಂಭೀರವಾಗಿ, “ಮಲಗಿತ್ತು ಮಾರಾಯ್ತಿ, ಎಬ್ಬಿಸ್ಬೇಡ” ಅನ್ನುವರು. ಆದರೆ ಆ ಸುತ್ತಿನಿಂದಲೇ ಮಶಿನ್ ಮನೆಯ ಹಿಂದೆ, ಗಾಳಿ ಬರುವ ಕಡೆ, ತಾಡಪಾಲು ಕಟ್ಟಿ ಮೊಲೆಯೂಡಿಸುವವರಿಗೆ ಒಂದು ಮರೆ ಆಯಿತು. ಕುಡಿಯುವ ನೀರಿನ ನಲ್ಲಿ ಒಂದು ಮೊಳ ಕೆಳಗಿಳಿಯಿತು.

ಅವರ ಲೆಕ್ಕ ಸರಳ. ಒಂದು ಮನೆಯಿಂದ ಐದು ಜನ ಬಂದರೆ ಇಬ್ಬರು ಯಾವ ಆಟಕ್ಕೂ ಹತ್ತುವುದಿಲ್ಲ. ಒಬ್ಬರಿಗೆ ತಲೆ ತಿರುಗುತ್ತದೆ, ಇನ್ನೊಬ್ಬರ ಕೈಯಲ್ಲಿ ಉಳಿದವರ ಚಪ್ಪಲಿ, ಮೊಬೈಲು, ಚೀಲ. “ಸಾಕು, ಮನೆಗೆ ಹೋಗ್ವಾ” ಎಂದು ಮೊದಲು ಹೇಳುವವರು ಆಡಿ ದಣಿದ ಮಕ್ಕಳಲ್ಲ, ಕೂತು ದಣಿದವರು. ಆದ್ದರಿಂದ ಪಾರ್ಕು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ವೀಲಿನ ಮೇಲೆ ಕಿರುಚುವವರ ಮುಖ ನೋಡಬಾರದು, ಕೆಳಗೆ ಕಾಯುವವರ ಮುಖ ನೋಡಬೇಕು. ಅವರು ನೋಡುತ್ತಿದ್ದುದೂ ಅದನ್ನೇ. ವೀಲು ತಿರುಗುವಾಗ ಒಂದು ಕೈ ಲಿವರಿನ ಮೇಲೆ, ಕಣ್ಣು ಕೆಳಗಿನ ಜನರ ಮೇಲೆ.

ಮೇಲೆ ಏನಾಗುತ್ತಿದೆ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಒಮ್ಮೆ ಪಿಯುಸಿ ಹುಡುಗರ ಗುಂಪು ಹತ್ತಿತ್ತು. ಎರಡನೇ ಸುತ್ತಿಗೆ ಅವರಲ್ಲೊಬ್ಬ ಬಿಳಿಚಿಕೊಂಡು ಸರಳನ್ನು ಅಪ್ಪಿ ಹಿಡಿದಿದ್ದ, ಜೊತೆಯವರು ನೋಡಿರಲಿಲ್ಲ. ಇವರು ವೀಲು ನಿಲ್ಲಿಸಿದರು. “ಮಶಿನ್ ಬಿಸಿ ಆಯ್ತು, ಎಲ್ಲರೂ ಇಳೀರಿ, ಆಮೇಲೆ ಇನ್ನೊಂದು ಸಲ ಹತ್ತೂಕೆ ಬಿಡ್ತೆ” ಎಂದರು. ಹುಡುಗರು ಬೈದುಕೊಂಡು ಇಳಿದರು. ಆ ಹುಡುಗನೂ ಎಲ್ಲರಿಗಿಂತ ಜೋರಾಗಿ ಬೈದ. ಇವರು ಮಶಿನ್ ಮನೆಗೆ ಹೋಗಿ ಸುಮ್ಮನೆ ಐದು ನಿಮಿಷ ಕೂತು ಬಂದರು. ಬಿಸಿಯೂ ಇಲ್ಲ, ಏನೂ ಇಲ್ಲ. ಇಂಥ ಸುಳ್ಳುಗಳನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆ ಕದಲುತ್ತಿರಲಿಲ್ಲ.

ಇನ್ನೊಮ್ಮೆ, ಒಂದು ಭಾನುವಾರ, ಘಟ್ಟದ ಮೇಲಿನ ಶಾಲೆಯ ಮಕ್ಕಳು ಎರಡು ಬಸ್ಸು ತುಂಬ ಬಂದಿದ್ದಾಗ ಅವರು ವೀಲನ್ನು ನಿಜವಾಗಿಯೇ ನಿಲ್ಲಿಸಿದರು. ಸ್ಕ್ರೂಡ್ರೈವರಿನಲ್ಲಿ ಏನೋ ಬೇರೆ ಕೇಳಿಸಿತಂತೆ. ಮುಚ್ಚಳ ಬಿಚ್ಚಿ, ಬೇರಿಂಗು ತೊಳೆದು, ಬೆರಳಾಡಿಸಿ, ಮತ್ತೆ ಗ್ರೀಸು ತುಂಬಿ ಮುಚ್ಚುವಾಗ ಮೂರು ಗಂಟೆ. ಮಕ್ಕಳು ವೀಲು ಹತ್ತದೆಯೇ ವಾಪಸು ಹೋದರು. ಮೇಷ್ಟರು ನನ್ನ ಆಫೀಸಿನಲ್ಲಿ ನಿಂತು ಹೇಳಬಾರದ್ದನ್ನೆಲ್ಲ ಹೇಳಿದರು. ಆಮೇಲೆ ವೀಲಿನ ಹತ್ತಿರ ಹೋಗಿ, ಎಂತ ಸಿಕ್ಕಿತು ಎಂದು ನಾನು ಅವರನ್ನು ಕೇಳಿದೆ.

“ಎಂತದೂ ಇಲ್ಲ.”

“ಮತ್ತೆ ಎಂತಕ್ಕೆ ನಿಲ್ಸಿದ್ರಿ?”

“ಎಂತದೂ ಇಲ್ಲ ಅಂತ ಗೊತ್ತಾಗೂಕೆ.”

ಆ ದಿನ ನನಗೆ ಸಿಟ್ಟು ಬಂದಿತ್ತು. ಈಗ ವೀಲು ನಡೆಸುವವನಿಗೆ ನಾನೇ ಆ ಮಾತನ್ನು ಕಲಿಸಿದ್ದೇನೆ.

ವೀಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಎರಡು ಹೊನ್ನೆ ಮರಗಳಿದ್ದವು. ಪಾರ್ಕಿಗಿಂತ ಎಷ್ಟೋ ಹಳೆಯವು. ಹೊನ್ನೆಯ ನೆರಳು ದಟ್ಟ, ಎಲೆಯ ನಡುವೆ ಬಿಸಿಲಿನ ಚೂರೂ ಇಳಿಯುವುದಿಲ್ಲ. ಎರಡಕ್ಕೂ ಸೇರಿಸಿ ಚಿರೆಕಲ್ಲಿನ ಒಂದು ಉದ್ದ ಕಟ್ಟೆ. ಬೇಸಗೆಯಲ್ಲಿ ಆ ಕಟ್ಟೆಯ ಮೇಲೆ ಜಾಗ ಸಿಗುತ್ತಿರಲಿಲ್ಲ. ಭಟ್ಕಳದ ಅಜ್ಜಿಯರು ಬುರ್ಖಾದ ಮುಸುಕನ್ನು ಮೇಲೆತ್ತಿ ಕೂತು ನವಾಯತಿಯಲ್ಲಿ ಮಾತಾಡುವರು. ಪಕ್ಕದಲ್ಲೇ ಹೊನ್ನಾವರದ ಅಜ್ಜಿ ಕೊಂಕಣಿಯಲ್ಲಿ ಉತ್ತರ ಕೊಡುವಳು. ಅರ್ಧ ಅರ್ಥವಾದರೂ ಮಾತು ನಿಲ್ಲುತ್ತಿರಲಿಲ್ಲ. ಮಕ್ಕಳು ಕೆಳಗೆ ಬಿದ್ದ ದುಂಡನೆಯ ಹೊನ್ನೆ ಕಾಯಿಗಳಲ್ಲಿ ಗೋಲಿಯಾಡುತ್ತ ಟಿಕೆಟು ಕೊಂಡ ಆಟಗಳನ್ನು ಮರೆಯುವರು.

ಆ ಕಟ್ಟೆಯ ತುದಿಯಲ್ಲಿ ದಿನವೂ ಕೂರುತ್ತಿದ್ದವರು ಅವರ ಹೆಂಡತಿ. ಸಕ್ಕರೆ ಕಾಯಿಲೆಯಿಂದ ಆಕೆಯ ಕಣ್ಣು ಹೋಗಿತ್ತು, ಬೆಳಕು-ಕತ್ತಲೆ ಮಾತ್ರ ತಿಳಿಯುತ್ತಿತ್ತು. ಮಕ್ಕಳಿಲ್ಲ. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅವರು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದು, ಕೈ ಹಿಡಿದು ಕಟ್ಟೆಗೆ ಕರೆತಂದು ಬಿಡುವರು. ಆಕೆ ಮಡಿಲಲ್ಲಿ ಅಬ್ಬಲಿಗೆ ಹೂ ಹರಡಿಕೊಂಡು, ಬೆರಳಿನಿಂದಲೇ ನೋಡಿ ದಂಡೆ ಕಟ್ಟುವರು. ಪಕ್ಕಕ್ಕೆ ಯಾರು ಬಂದು ಕೂತರೂ ಎಲ್ಲಿಯವರು, ಎಷ್ಟು ಮೊಮ್ಮಕ್ಕಳು, ಊಟ ಆಯಿತೇ ಎಂದು ಮಾತಿಗೆ ಶುರು. ಒಬ್ಬರೇ ಬಂದು ಮಂಕಾಗಿ ಕೂತವರಿಗೆ ಒಂದು ಮೊಳ ಹೂ. ವೀಲು ತಿರುಗುವಾಗ ಆಕೆ ಅದರ ಸದ್ದು ಕೇಳುತ್ತಿದ್ದರು. ಅಷ್ಟು ದೂರದಿಂದ, ಯಾವ ಸ್ಕ್ರೂಡ್ರೈವರೂ ಇಲ್ಲದೆ, “ಇವತ್ತು ಅವ್ರಿಗೆ ಮಂಡಿ ನೋವದೆ, ಲಿವರ್ ತಡವಾಗಿ ಎಳೀತಾರೆ” ಎಂದು ನನಗೆ ಒಮ್ಮೆ ಹೇಳಿದ್ದರು.

ನಮ್ಮ ಮಾಲಕರು ಭಟ್ಕಳದವರು, ವ್ಯಾಪಾರವೆಲ್ಲ ಕೊಲ್ಲಿಯಲ್ಲಿ. ಒಳ್ಳೆಯ ಮನುಷ್ಯ. ನಾನು ಸೇರಿದ ಎರಡನೇ ವರ್ಷ ಅವರು ಫೋನಿನಲ್ಲಿ, ನಮ್ಮದು ಈ ಕರಾವಳಿಯಲ್ಲೇ ಎಲ್ಲ ರೀತಿಯಿಂದಲೂ ಒಳ್ಳೆಯ ಪಾರ್ಕು ಆಗಬೇಕು, ಅದಕ್ಕೆ ಎಂತ ಬೇಕೋ ಬರೆದು ಕಳಿಸಿ, ನೀವು ಓದಿದವರು ಎಂದರು. ನನ್ನನ್ನು ಒಂದು ದೊಡ್ಡ ನಗರದ ಪಾರ್ಕು ನೋಡಿ ಬರಲು ಎರಡು ದಿನ ಕಳಿಸಿದರು. ನೀವು ಓದಿದವರು ಎಂಬ ಮಾತು ನನ್ನ ತಲೆಯಲ್ಲಿ ಕೂತಿತು. ನಾನು ಅಲ್ಲಿ ಆಟಗಳನ್ನು ನೋಡಿದೆ, ಎತ್ತರ ನೋಡಿದೆ, ವೇಗ ನೋಡಿದೆ. ಜನ ಎಲ್ಲಿ ಕೂರುತ್ತಾರೆ ಎಂದು ನೋಡಲಿಲ್ಲ. ವಾಪಸು ಬಂದು ಒಂಬತ್ತು ಅಂಶಗಳ ವರದಿ ಬರೆದೆ. ಆರನೆಯ ಅಂಶ: ವೀಲಿನ ಪಕ್ಕದ ಎರಡು ಮರ ತೆಗೆದು, ಆ ಸಮತಟ್ಟು ಜಾಗದಲ್ಲಿ ಡ್ಯಾಷಿಂಗ್ ಕಾರಿನ ಹಾಲ್ ಕಟ್ಟುವುದು.

ಕಳಿಸುವ ಮೊದಲು ವೀಲಿನ ಹತ್ತಿರದಿಂದ ಅವರನ್ನು ಕರೆಸಿ ಓದಿ ಹೇಳಿದೆ. ಮೆಚ್ಚಿಕೊಳ್ಳಲಿ ಎಂದು. ಅವರು ಆಫೀಸಿನ ಹೊಸ್ತಿಲ ಹೊರಗೇ ನಿಂತು ಪೂರ್ತಿ ಕೇಳಿದರು.

“ಎಲ್ಲಾ ಚಲೋ ಅದೆ ಅಕ್ಕೋರೆ. ಆರನೇದು ತೆಗೀರಿ.”

ಡ್ಯಾಷಿಂಗ್ ಕಾರು ಇಲ್ಲದ ಪಾರ್ಕು ಈಗ ಎಲ್ಲೂ ಇಲ್ಲ ಎಂದೆ.

“ಆಡೂರಿಗೆ ಆಟ ಅದೆ. ಆಡದಿದ್ದವರಿಗೆ ಎಂತ ಅದೆ?”

ಬೆಂಚುಗಳನ್ನು ಹಾಕೋಣ ಎಂದೆ. ಬೆಂಚು ಬೇರೆ, ನೆರಳು ಬೇರೆ ಎಂದರು. ಮರುದಿನ ಮತ್ತೆ ಬಂದರು. ಕಾರಿನ ಹಾಲನ್ನು ಹಿಂದಿನ ಗುಡ್ಡದ ಕಡೆ ಕಟ್ಟಬಹುದು, ನೆಲ ಸ್ವಲ್ಪ ಅಗೆಯಬೇಕು ಅಷ್ಟೆ ಎಂದು ಹೆಜ್ಜೆ ಹಾಕಿ ಅಳೆದು ಬಂದಿದ್ದರು. ನಾನು ಕೇಳಲಿಲ್ಲ. ಮೂರನೆಯ ದಿನವೂ ಬಂದರು. ಆಗ ಆಫೀಸಿನಲ್ಲಿ ಟಿಕೆಟಿನ ಹುಡುಗಿಯರಿಬ್ಬರೂ ಇದ್ದರು. ನಾಲ್ಕನೇ ಇಯತ್ತೆ ಓದಿದವರು ಮ್ಯಾನೇಜರಿಗೆ ಪಾಠ ಹೇಳುತ್ತಿದ್ದಾರೆ ಎಂದು ಆ ಹುಡುಗಿಯರು ಅಂದುಕೊಳ್ಳುತ್ತಾರೆ ಎಂದು ನನಗನ್ನಿಸಿತು. ನಾನು ಹೇಳಿದೆ:

“ನಿಮ್ಮ ಮನೆಯವರಿಗೆ ಕೂರೂಕೆ ಜಾಗ ಬೇಕು ಅಂತ ಮಾಲಕರು ಪಾರ್ಕು ಕಟ್ಟಿದ್ದಾ?”

ಹುಡುಗಿಯರು ತಲೆ ತಗ್ಗಿಸಿದರು. ಹೊಸ್ತಿಲಲ್ಲಿ ನಿಂತಿದ್ದ ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿನಿಂದಲ್ಲ. ಸ್ಕ್ರೂಡ್ರೈವರು ಕಿವಿಗಿಟ್ಟಾಗಿನ ಮುಖ ಅದು.

“ಆತು, ಮೇಡಂ” ಎಂದರು.

ಚಿರೆಕಲ್ಲು ಗಣಿಯಲ್ಲಿ ನನ್ನ ಅಪ್ಪನಿಗೆ ಇಂಥ ಮಾತು ಹೇಳುವವರಿದ್ದರು. ಅಂಥ ಮಾತು ನಮ್ಮ ಮನೆಯವರು ಇನ್ನು ಕೇಳಬಾರದು ಎಂದೇ ನಾನು ಓದಿದ್ದು. ಓದಿ, ಅದೇ ಮಾತನ್ನು ನಾನು ಹೇಳಿದೆ.

ಮರುದಿನ ಅವರು ಮೊಪೆಡ್ಡಿನಲ್ಲಿ ಒಬ್ಬರೇ ಬಂದರು. ಕಟ್ಟೆಯ ತುದಿ ಖಾಲಿಯಿತ್ತು. ಗೇಟು ತೆರೆಯುವ ಮೊದಲು ನನ್ನ ಆಫೀಸಿನ ಹೊಸ್ತಿಲಿಗೆ ಬಂದು ನಿಂತರು.

“ಇವತ್ತಿಂದ ಅವಳು ಬರೂದಿಲ್ಲ ಮೇಡಂ. ಈಗ ಹೇಳ್ತೆ. ಮರ ಕಡೀಬೇಡಿ.”

ನಾನು ಆಗಲಾದರೂ ಎದ್ದು ನಿಲ್ಲಬೇಕಿತ್ತು. ವರದಿ ಹೋಗಿ ಆಯಿತು ಎಂದೆ. ಅದು ನಿಜವಾಗಿತ್ತು, ಹಿಂದಿನ ಸಂಜೆಯೇ ಕಳಿಸಿದ್ದೆ. ಇನ್ನೊಂದು ಸಾಲು ಬರೆದು ಕಳಿಸಿದ್ದರೆ ನಿಲ್ಲುತ್ತಿತ್ತು ಎಂಬುದೂ ನಿಜ.

ಎರಡು ವಾರದ ಮೇಲೆ ಗರಗಸದವರು ಬಂದರು. ಮರ ಬೀಳುವಾಗ ಅವರು ವೀಲಿನ ಹತ್ತಿರವೇ ಇದ್ದರು, ಈ ಕಡೆ ತಿರುಗಲಿಲ್ಲ. ಸಂಜೆ ನೋಡಿದರೆ ರೆಂಬೆಗಳ ನಡುವೆ ಕೂತು ಹೊನ್ನೆ ಕಾಯಿ ಆರಿಸುತ್ತಿದ್ದರು.

ಡ್ಯಾಷಿಂಗ್ ಕಾರಿಗೆ ಜನ ಮುಗಿಬಿದ್ದರು ಎಂಬುದನ್ನೂ ಹೇಳಬೇಕು. ಮೊದಲ ಮೂರು ತಿಂಗಳು ಸಾಲು ಗೇಟಿನವರೆಗೆ ಬರುತ್ತಿತ್ತು. ಮಾಲಕರು ಹೊಗಳಿದರು. ಅವರು ಬೆಳಿಗ್ಗೆ ಅಜ್ಜಿ ಸುತ್ತು ಹಾಕುವುದನ್ನು ಬಿಡಲಿಲ್ಲ, ಬಟ್ಟೆ ಚೀಲ ಹಿಡಿದು ಒಬ್ಬರೇ ನಡೆಯುತ್ತಿದ್ದರು. ಬರ್ಕಳಿ ಎಂದು ನನ್ನನ್ನು ಕರೆಯುವುದನ್ನು ಮಾತ್ರ ಬಿಟ್ಟರು. ಸರಿಪಡಿಸಬೇಕಾದ್ದನ್ನು ತಾವೇ ಸರಿಪಡಿಸುವರು, ತಮ್ಮಿಂದ ಆಗದ್ದನ್ನು ಬಂದು, ಮೇಡಂ ಹೀಗೆ ಎಂದು ಎರಡು ಮಾತಿನಲ್ಲಿ ಹೇಳಿ ಹೋಗುವರು. ಒರಟಾಗಿ ಒಂದು ದಿನವೂ ಮಾತಾಡಲಿಲ್ಲ. ಅದೇ ನನಗೆ ಕಷ್ಟವಾಗಿತ್ತು.

ಮಾರ್ಚಿನಲ್ಲಿ ಬಿಸಿಲು ಏರಿತು. ಒಂದು ಮಧ್ಯಾಹ್ನ ವಾಹನ ನಿಲ್ಲಿಸುವ ಜಾಗಕ್ಕೆ ಹೋದಾಗ ನೋಡಿದೆ. ಮೂರು ಟೆಂಪೊಗಳ ಬಾಗಿಲು ತೆರೆದಿತ್ತು. ಒಳಗೆ ಅಜ್ಜಿಯರು ಕೂತಿದ್ದರು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. ಟಿಕೆಟು ಕೊಂಡು ಒಳಗೆ ಬಂದು, ಕೂರಲು ಜಾಗವಿಲ್ಲದೆ ಹೊರಗೆ ಹೋದವರು. ಮುಂಚೆ ಸಂಜೆಯವರೆಗೆ ಇರುತ್ತಿದ್ದ ಮನೆಮಂದಿ ಈಗ ಮೂರಕ್ಕೇ ಹೊರಡುತ್ತಿದ್ದರು. ನಾನು ನೋಡಿದೆ, ಆಫೀಸಿಗೆ ಬಂದು ಫ್ಯಾನಿನ ಕೆಳಗೆ ಕೂತೆ.

ಮೇ ತಿಂಗಳಲ್ಲಿ ಅಮ್ಮ ಬಂದಳು. ಅಣ್ಣ ತನ್ನ ಇಬ್ಬರು ಮಕ್ಕಳ ಜೊತೆ ಕರೆದುಕೊಂಡು ಬಂದಿದ್ದ. ಮಗಳು ಮ್ಯಾನೇಜರಾಗಿರುವ ಪಾರ್ಕನ್ನು ಅಮ್ಮ ನೋಡುವುದು ಅದೇ ಮೊದಲು. ಆ ದಿನ ನನಗೆ ವಿಪರೀತ ಕೆಲಸ. ಬಂದ ಕೂಡಲೆ ಒಮ್ಮೆ ಮಾತಾಡಿಸಿ, ಆಮೇಲೆ ಬರುತ್ತೇನೆ ಎಂದು ಹೇಳಿ ಹೋದವಳು ಎರಡು ಗಂಟೆ ಕಳೆದು ಹುಡುಕಿದರೆ ಅಮ್ಮ ಇಲ್ಲ. ಅಣ್ಣನ ಮಕ್ಕಳು ಡ್ಯಾಷಿಂಗ್ ಕಾರಿನಲ್ಲಿ ಎಂಟನೇ ಸಲ. ಅಣ್ಣನ ಕೈಯಲ್ಲಿ ಅವರ ಚಪ್ಪಲಿ. ಅಮ್ಮ ಸಿಕ್ಕಿದ್ದು ಗೇಟಿನ ಹೊರಗೆ, ಎಳನೀರಿನವನ ಗೂಡಂಗಡಿಯ ನೆರಳಿನಲ್ಲಿ, ದಿನವೂ ವೀಲಿನ ಬುಡದಲ್ಲಿರುವ ಅವರ ಪ್ಲಾಸ್ಟಿಕ್ ಕುರ್ಚಿಯ ಮೇಲೆ.

ಡ್ಯಾಷಿಂಗ್ ಕಾರಿನ ಹಾಲ್‌ನ ಗೋಡೆಗೆ ತಾಗಿ ಗೇಣಗಲದ ನೆರಳಿತ್ತಂತೆ. ಅದು ಸರಿದಂತೆ ಅಮ್ಮನೂ ಸರಿಯುತ್ತ ನಿಂತಿದ್ದಳಂತೆ. ಹೊಳೆಯಲ್ಲಿ ದಿನವಿಡೀ ಬಗ್ಗಿ ನಿಲ್ಲುವವಳು, ನಿಲ್ಲುವುದು ಅವಳಿಗೆ ಹೊಸದಲ್ಲ. ಅವರು ವೀಲಿನಿಂದ ನೋಡಿ, ಬಂದು, ಯಾರು ಏನು ಎಂದು ಕೇಳದೆ ಕುರ್ಚಿ ಹಿಡಿದುಕೊಂಡು ಮುಂದೆ ನಡೆದು ಅಮ್ಮನನ್ನು ಅಲ್ಲಿ ಕೂರಿಸಿ, ಒಂದು ಎಳನೀರು ಕೊಡಿಸಿ ಹೋಗಿದ್ದರು. ನೀನು ನನ್ನ ಅಮ್ಮ ಅಂತ ಹೇಳಬೇಕಿತ್ತು, ಆಫೀಸಿನಲ್ಲೇ ಕೂರಬಹುದಿತ್ತು ಎಂದು ನಾನು ಸಿಟ್ಟು ಮಾಡಿದೆ.

“ನಾ ಹಾಂಗೆ ಹೇಳ್ದರೆ ನಿಂಗೆ ಮರ್ಯಾದಿ ಕಡಿಮೆ ಆತದೇನೋ ಅಂತ” ಎಂದಳು ಅಮ್ಮ.

ಅಂದು ನಾನು ವೀಲಿನ ಹತ್ತಿರ ಹೋದೆ. ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ. ಬಂದದ್ದು, ಇಲ್ಲಿ ನೆರಳು ಮಾಡಿಸಬೇಕು ಎಂಬ ಮಾತು. ಅವರು ತಲೆಯಾಡಿಸಿದರು. ಮಾಲಕರಿಗೆ ನಾನು ಆರನೆಯ ಅಂಶ ತಪ್ಪಾಗಿತ್ತು ಎಂದು ಬರೆದೆ. ನನ್ನ ಓದಿನ ಬದುಕಿನಲ್ಲಿ ಬರೆದ ಅತ್ಯಂತ ಚಿಕ್ಕ ಪತ್ರ ಅದು. ಮಾಲಕರು ತಕ್ಷಣ ಒಪ್ಪಿದರು. ಕಬ್ಬಿಣದ ಕಂಬ ನೆಟ್ಟು ತಗಡಿನ ಮಾಡು ಹಾಕಿಸಿದೆ. ತಗಡು ಕಾದು ಒಳಗೆ ಒಲೆಯಂತಾಯಿತು. ಅದನ್ನೂ ಇವರು ಆಡಿ ತೋರಿಸಲಿಲ್ಲ. ಎರಡು ದಿನ ಕಳೆದು ನೋಡಿದರೆ ತಗಡಿನ ಮೇಲೆ ತೆಂಗಿನ ಮಡಲು ಹೆಣೆದ ತಟ್ಟಿಗಳನ್ನು ಹಾಸಿ ಹಗ್ಗ ಬಿಗಿದಿದ್ದರು. ಕೆಳಗೆ ತಂಪು ಕೂತಿತು. ಮಾಡಿನ ಎರಡೂ ತುದಿಗೆ ಎರಡು ಸಸಿ ನೆಟ್ಟಿದ್ದರು. ಅಂದು ಆರಿಸಿಟ್ಟ ಕಾಯಿಗಳಿಂದ ಮೊಳೆಸಿದವು.

ಇವು ನೆರಳು ಕೊಡಲು ಎಷ್ಟು ಸಮಯ ಬೇಕು ಎಂದು ಕೇಳಿದೆ. ಹೊನ್ನೆ ನಿಧಾನ, ಹದಿನೈದು ವರ್ಷವಾದರೂ ಬೇಕು ಎಂದರು. ನಿಮ್ಮ ಮನೆಯವರನ್ನು ಇನ್ನು ಕರೆದುಕೊಂಡು ಬನ್ನಿ ಎಂದೆ. ಅದು ಕ್ಷಮೆ ಕೇಳುವ ನನ್ನ ರೀತಿಯಾಗಿತ್ತು. ಕ್ಷಮೆ ಎಂಬ ಶಬ್ದ ಮಾತ್ರ ಅದರಲ್ಲಿ ಇರಲಿಲ್ಲ.

“ಅವಳಿಗೆ ಈಗ ಮನೆ ಅಭ್ಯಾಸ ಆಗಿ ಹೋಯ್ತು ಮೇಡಂ” ಎಂದರು. ಕಹಿಯಿರಲಿಲ್ಲ. ನಿಜ ಹೇಳುತ್ತಿದ್ದರು.

ಮಳೆಗಾಲದಲ್ಲಿ ನಮ್ಮ ಪಾರ್ಕು ಮುಚ್ಚಿರುತ್ತದೆ. ಆಗಲೂ ಅವರು ದಿನಾ ಬಂದು ವೀಲನ್ನು ಖಾಲಿ ನಾಲ್ಕು ಸುತ್ತು ತಿರುಗಿಸಿ ಹೋಗುವರು, ಇಲ್ಲವಾದರೆ ಬೇರಿಂಗಿಗೆ ತುಕ್ಕು ಕೂರುತ್ತದೆ. ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರಿಗೆ ಸುರಿಯುವ ಮಳೆಯಲ್ಲಿ ಯಾರೂ ಇಲ್ಲದ ವೀಲು ತಿರುಗುವುದು ಕಾಣುತ್ತಿತ್ತು. ಒಂದು ಮಧ್ಯಾಹ್ನ ಹಾಗೆ ತಿರುಗಿಸಿ ಮನೆಗೆ ಹೋಗಿ, ಊಟ ಮಾಡಿ, ಎದೆ ಹಿಡಿದುಕೊಂಡು ಮಲಗಿದವರು ಏಳಲಿಲ್ಲ. ನಾನು ಕುಮಟಾದಿಂದ ಹೋಗಿ ಮುಟ್ಟುವಾಗ ಎಲ್ಲ ಮುಗಿದಿತ್ತು.

ಹದಿಮೂರನೇ ದಿನ ಮತ್ತೆ ಹೋದೆ. ಮನೆ ಮಾವಳ್ಳಿಯಲ್ಲಿ, ಸಣ್ಣದು. ಅವರ ಹೆಂಡತಿಯ ಜೊತೆಗೆ ಆಕೆಯ ತಮ್ಮನ ಮಗಳು ಬಂದು ಇದ್ದಳು. ನಾನು ಬಾಗಿಲಲ್ಲಿ ಮಾತಾಡಿದ ಕೂಡಲೆ ಆಕೆಗೆ ನನ್ನ ದನಿ ಗುರುತು ಸಿಕ್ಕಿತು. ಕೂತ ಚಾಪೆಯಲ್ಲೇ ಸರಿದು ಜಾಗ ಕೊಟ್ಟರು. ಊಟ ಮಾಡಿಕೊಂಡೇ ಹೋಗಬೇಕು ಎಂದರು. ಆಮೇಲೆ, ಬಹಳ ದಿನದಿಂದ ಕೇಳಬೇಕೆಂದುಕೊಂಡದ್ದನ್ನು ಕೇಳುವವರಂತೆ ಕೇಳಿದರು.

“ಆ ಹೊನ್ನೆ ಮರ ಎರಡೂ ಗಾಳಿಗೆ ಬಿತ್ತಂತಲ್ಲ. ಒಂದೇ ಗಾಳಿಗಾ?”

ನನಗೆ ಅರ್ಥವಾಗಲಿಲ್ಲ. ಯಾರು ಹೇಳಿದರು ಎಂದೆ.

ಅವರೇ ಹೇಳಿದ್ದಂತೆ. ಒಂದು ಸಂಜೆ ಮನೆಗೆ ಬಂದು, ಗಾಳಿಗೆ ಎರಡೂ ಮರ ಬಿತ್ತು, ಇನ್ನು ನಿನಗೆ ಅಲ್ಲಿ ಕೂರಲು ಆಗುವುದಿಲ್ಲ, ಮನೆಯಲ್ಲೇ ಇರು ಎಂದಿದ್ದರಂತೆ. ನಾನು ಲೆಕ್ಕ ಹಾಕಿದೆ. ಅದು ನಾನು ಹುಡುಗಿಯರ ಮುಂದೆ ಆ ಮಾತು ಹೇಳಿದ ಸಂಜೆ. ಮರ ಬಿದ್ದದ್ದು ಎರಡು ವಾರದ ಮೇಲೆ. ಆ ಎರಡು ವಾರ ಅವರು ಮನೆಯಲ್ಲಿ ಮರ ಬಿತ್ತು ಎನ್ನುತ್ತ, ಹಗಲು ಆ ಮರಗಳ ಪಕ್ಕದಲ್ಲೇ ಕೆಲಸ ಮಾಡಿದ್ದರು.

ಆಕೆಯ ಮುಖ ನನ್ನ ಕಡೆಗಿತ್ತು. ಹೌದು, ದೊಡ್ಡ ಗಾಳಿ ಎಂದರೆ ಮುಗಿಯುತ್ತಿತ್ತು. ಅವರೇ ಹೇಳಿಟ್ಟ ಸುಳ್ಳು, ನನಗಾಗಿಯೇ ಹೇಳಿದ್ದು. ಮಶಿನ್ ಬಿಸಿಯಾಯಿತು ಎಂದು ಆ ಹುಡುಗನನ್ನು ಇಳಿಸಿದಂತೆ ನನ್ನನ್ನೂ ಇಳಿಸಿದ್ದರು.

“ಗಾಳಿಗಲ್ಲ” ಎಂದೆ. “ನಾನು ಕಡಿಸಿದ್ದು. ಅವರು ಬೇಡ ಅಂದಿದ್ರು. ನಿಮ್ಮ ಹೆಸರು ತೆಗೆದು ಅವರಿಗೆ ನಾನೊಂದು ಕೆಟ್ಟ ಮಾತು ಹೇಳಿದೆ. ಅದಕ್ಕೇ ಅವರು ನಿಮ್ಮನ್ನು ಕರೆದುಕೊಂಡು ಬರೋದು ಬಿಟ್ಟದ್ದು.”

ಆಕೆ ಮಡಿಲಲ್ಲಿದ್ದ ಕೈಗಳನ್ನು ಉಜ್ಜಿಕೊಂಡರು.

“ಆ ವಾರ ಗಾಳಿಯೇ ಇರ್ಲಿಲ್ಲ ತಂಗಿ” ಎಂದರು. “ಬಾಗಿಲ ಪರದೆ ಸೈತ ಅಲ್ಲಾಡ್ಲಿಲ್ಲ. ಯಾರದ್ದೋ ಮಾನ ಉಳಿಸೂಕೆ ಹೇಳಿದ್ದಾರೆ ಅಂತ ಸುಮ್ಮನಾದೆ. ಅವ್ರ ಹತ್ರ ಕೇಳ್ಲಿಲ್ಲ. ಯಾರದ್ದು ಅಂತ ಈಗ ಗೊತ್ತಾತು.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಊಟಕ್ಕೆ ಎಲೆ ಹಾಕಿಸಿದರು. ಹೊರಡುವಾಗ ನಾನು, ಪಾರ್ಕು ತೆರೆಯುವ ಮೊದಲು ಒಂದು ಸಲ ಬರುತ್ತೀರಾ ಎಂದು ಕೇಳಿದೆ. ನೋಡುವ ಎಂದರು. ಕಾಣದವರು ನೋಡುವ ಎಂದರಲ್ಲ ಎಂದು ತಾವೇ ಸ್ವಲ್ಪ ನಕ್ಕರು.

ಸೆಪ್ಟೆಂಬರಿನಲ್ಲಿ, ಗೇಟು ತೆರೆಯುವ ಹಿಂದಿನ ದಿನ, ತಮ್ಮನ ಮಗಳು ಆಕೆಯನ್ನು ರಿಕ್ಷಾದಲ್ಲಿ ಕರೆತಂದಳು. ಅಷ್ಟರಲ್ಲಿ ನಾನು ಹತ್ತು ದಿನದಿಂದ ಅಜ್ಜಿ ಸುತ್ತು ಹಾಕುತ್ತಿದ್ದೆ. ಬಟ್ಟೆ ಚೀಲ, ನೀರಿನ ಬಾಟಲಿ, ಮಂಡಿಯ ಮೇಲೆ ಕೈ. ಎಲ್ಲವನ್ನೂ ಸರಿ ಮಾಡಿಸಿದ್ದೇನೆ ಎಂಬ ಧೈರ್ಯ ನನಗಿತ್ತು. ಆಕೆ ನನ್ನ ಹೆಗಲ ಮೇಲೆ ಕೈಯಿಟ್ಟರು. ಗೇಟಿನಿಂದ ಹೊರಟೆವು. ಮಾಡಿನ ಹತ್ತಿರ ಬಂದಾಗ ಸಸಿ ಎಲ್ಲಿ ಎಂದು ಕೇಳಿ, ಬಗ್ಗಿ, ಎಲೆ ಮುಟ್ಟಿ, ಎತ್ತರ ಅಳೆದರು. ಮಂಡಿಗಿಂತ ಸ್ವಲ್ಪ ಮೇಲೆ ಬಂದಿತ್ತು. ಆಮೇಲೆ ಮಾಡಿನ ಕೆಳಗೆ ನಾನು ಹಾಕಿಸಿದ್ದ ಹೊಸ ಬೆಂಚಿನ ಮೇಲೆ ಕೂತರು. ವೀಲಿನ ಹೊಸ ಹುಡುಗ ಖಾಲಿ ವೀಲು ತಿರುಗಿಸಿದ. ಆಕೆ ಕತ್ತು ಓರೆ ಮಾಡಿ ಅದರ ಸದ್ದು ನಿಲ್ಲುವವರೆಗೂ ಕೇಳಿದರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ಏಳಲೆಂದು ಕೈ ಚಾಚಿದರು. ಪಕ್ಕದಲ್ಲಿ ಹಿಡಿಯಲು ಏನೂ ಇರಲಿಲ್ಲ. ಕೈ ಗಾಳಿಯಲ್ಲಿ ಹುಡುಕಿತು. ಹತ್ತು ದಿನ ಆ ಬೆಂಚಿನ ಮೇಲೆ ಕೂತು ಎದ್ದಿದ್ದೆ ನಾನು. ನನ್ನ ಮಂಡಿ ಗಟ್ಟಿಯಿದೆ, ಹಿಡಿಯಲು ಏನಾದರೂ ಬೇಕು ಎಂದು ನನಗೆ ಹೊಳೆದಿರಲೇ ಇಲ್ಲ. ನಾನು ಕೈ ಕೊಡಲು ಹೋದೆ. ಆಕೆ ಹಿಡಿಯಲಿಲ್ಲ. ಬೆಂಚಿನ ಅಂಚಿಗೆ ಅಂಗೈ ಊರಿ ತಾವೇ ನಿಧಾನವಾಗಿ ಎದ್ದು ನಿಂತರು.

“ಇಲ್ಲೊಂದು ಸರಳು ಬೇಕು” ಎಂದರು. “ಬರ್ಕಂಡ್ರಾ ಅಕ್ಕೋರೆ?”

ಬರೆದುಕೊಂಡೆ.